ಇಬ್ಭಾಗದ ಪಣ

ಜೂಜಿನ ವಿಷಯದಲ್ಲಿ ನಮ್ಮ ಪ್ರಾಚೀನ ಶಾಸ್ತ್ರಕಾರರು ಏಕಾಭಿಪ್ರಾಯದವರಲ್ಲ. ಅಕ್ಷವೇ ಮೊದಲಾದ ನಿರ್ಜೀವ ವಸ್ತುಗಳಿಂದ ಆಡತಕ್ಕದ್ದನ್ನು ದ್ಯೂತವೆಂದೂ, ಪ್ರಾಣಿಗಳನ್ನು ಕಾದಿಸಿ ಪಣವೊಡ್ಡತಕ್ಕದ್ದನ್ನು ಸಮಾಹ್ವಯವೆಂದೂ ವಿಂಗಡಿಸಿ, ರಾಜನು ಇವೆರಡನ್ನೂ ತನ್ನ ನಾಡಿನಿಂದ ಹೊರಹಾಕಬೇಕೆಂದು ಮನುವು ವಿಧಿಸಿದನು. ಕೌಟಿಲ್ಯನಾದರೋ ನಿರ್ಮೂಲನದ ಗೋಜಿಗೆ ಹೋಗದೆ, ದ್ಯೂತಾಧ್ಯಕ್ಷನೆಂಬ ಅಧಿಕಾರಿಯನ್ನು ನಿಯಮಿಸಿ, ಗೆದ್ದ ದ್ರವ್ಯದಲ್ಲಿ ನೂರಕ್ಕೆ ಐದರಂತೆ ಅವನು ತೆಗೆದುಕೊಳ್ಳತಕ್ಕದ್ದೆಂದನು. ಧರ್ಮಶಾಸ್ತ್ರವೂ ಅರ್ಥಶಾಸ್ತ್ರವೂ ಹೀಗೆ ಬೇರೆ ಬೇರೆ ದಾರಿ ಹಿಡಿದಿರಲಾಗಿ, ಗಣಿತಜ್ಞರು ಮೂರನೆಯದೊಂದು ದಾರಿಯನ್ನು ಹಿಡಿದರು. ಅವರು ಜೂಜನ್ನು ಹೊಗಳಲಿಲ್ಲ, ತೆಗಳಲೂ ಇಲ್ಲ, ಎಣಿಸಿ ನೋಡಿದರು.

ಹೀಗೆ ಎಣಿಸಿದವರಲ್ಲಿ ಕನ್ನಡನಾಡಿಗೆ ಸಂಬಂಧಪಟ್ಟವರು ಮಹಾವೀರಾಚಾರ್ಯರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಎಂದರೆ ಕ್ರಿ. ಶ. ೮೫೦ರ ಸುಮಾರಿಗೆ, ಈ ಜೈನ ವಿದ್ವಾಂಸರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಿಂದ ಪ್ರಕಟಪಡಿಸಿದರು. ಅದರಲ್ಲಿ ಕೋಳಿಕಾಳಗದ ಲೆಕ್ಕವೊಂದುಂಟು. ಮಂತ್ರೌಷಧಗಳನ್ನು ಬಲ್ಲವನೊಬ್ಬನು ಕಾಳಗದ ಸ್ಥಳಕ್ಕೆ ಬಂದು, ಹುಂಜಗಳ ಒಡೆಯರಿಬ್ಬರನ್ನೂ ಬೇರೆ ಬೇರೆಯಾಗಿ ಕಂಡು ಗುಟ್ಟಿನಲ್ಲಿ ಮಾತನಾಡುವನು. “ನಿನ್ನ ಹುಂಜ ಗೆದ್ದರೆ ನಿನ್ನ ಪಣದ ಹಣವನ್ನು ನನಗೆ ಕೊಡು, ಸೋತರೆ ಅದರ ಮೂರರಲ್ಲಿ ಎರಡು ಪಾಲನ್ನು ನಾನೇ ನಿನಗೆ ಕೊಡುವೆನು” ಎಂಬುದು ಮೊದಲನೆಯವನೊಡನೆ ಮಾಡಿಕೊಂಡ ಒಪ್ಪಂದ. ಎರಡನೆಯವನೊಡನೆಯೂ ಇದೇ ಕರಾರು. ಆದರೆ ಅಲ್ಲಿ ನಾಲ್ಕರಲ್ಲಿ ಮೂರು ಪಾಲು. ಯಾವ ಹುಂಜ ಗೆದ್ದರೂ ಇವನಿಗೆ ೧೨ ಹೊನ್ನು ಲಾಭ. ಹಾಗಾದರೆ ಒಡೆಯರ ಪಣಗಳೆಷ್ಟು? ಒಂದು ೪೨, ಇನ್ನೊಂದು ೪೦ ಎಂಬುದು ಉತ್ತರ. ಮೊದಲನೆಯ ಹುಂಜ ಗೆದ್ದರೆ ೪೨ ಬಂದು ೩೦ ಹೋಗುವುದು. ಎರಡನೆಯದು ಗೆದ್ದರೆ ೪೦ ಬಂದು ೨೮ ಹೋಗುವುದು. ಎರಡರಲ್ಲಿಯೂ ಉಳಿಯುವುದು ಹನ್ನೆರಡೇ.

ಅದೇ ಗ್ರಂಥದಲ್ಲಿ ಮತ್ತೊಂದು ಸೂತ್ರವುಂಟು. ಇಷ್ಟು ವಸ್ತುಗಳಿಂದ ಇಷ್ಟನ್ನು ಆರಿಸಿಕೊಳ್ಳುವ ಬಗೆಗಳೆಷ್ಟು ಎಂಬುದನ್ನು ತಿಳಿಯಲು, ಒಂದರಿಂದ ಏರುವ ಸಂಖ್ಯೆಗಳನ್ನೂ ಕೊನೆಯಿಂದ ಇಳಿಯುವ ಸಂಖ್ಯೆಗಳನ್ನೂ ಸಾಲಾಗಿಟ್ಟು, ಇವುಗಳ ಗುಣಲಬ್ಧವನ್ನು ಅವುಗಳ ಗುಣಲಬ್ಧದಿಂದ ಭಾಗಿಸಬೇಕೆಂಬ ಸಾಮಾನ್ಯ ನಿಯಮವೇ ಅದು. ನಾಲ್ಕರಲ್ಲಿ ಎರಡನ್ನು ಆರಿಸುವ ಬಗೆಗಳು ಆರು. ಐದರಲ್ಲಿ ಮೂರನ್ನು ಆರಿಸುವ ಬಗೆಗಳು ಹತ್ತು. ಈ ಆರನ್ನೂ ಹತ್ತನ್ನೂ ವಾಚಕರು ನೆನಪಿನಲ್ಲಿಡತಕ್ಕದ್ದು. ಸಾವಿರಕ್ಕೂ ಮಿಕ್ಕಿದ ವರ್ಷಗಳ ಮೇಲೆ, ಸಮುದ್ರದಾಚೆಯ ಅಮೆರಿಕದಲ್ಲಿ ಹುಟ್ಟಿದ ಒಂದು ಎಲೆಯಾಟಕ್ಕೆ ಇವೇ ಬೀಗದ ಕೈಗಳಾಗಿವೆ. ಆ ಆಟಗಾರರು ಮಹಾವೀರಾಚಾರ್ಯರನ್ನು ಓದಿದ್ದರೆಂದು ಇದರ ಅರ್ಥವಲ್ಲ. ಗಣಿತದ ನ್ಯಾಯಕ್ಕೆ ದೇಶವಿಲ್ಲ, ಅಷ್ಟೆ.

ಪಣವನ್ನು ಹಂಚುವ ಪ್ರಶ್ನೆಯು ಯೂರೋಪಿನಲ್ಲಿ ಶಾಸ್ತ್ರವಾದುದು ೧೬೫೪ರಲ್ಲಿ. ಫ್ರಾನ್ಸಿನ ಪಾಸ್ಕಲ್ ಮತ್ತು ಫೆರ್ಮಾ ಎಂಬ ಪಂಡಿತರು ಆ ವರ್ಷ ಬರೆದುಕೊಂಡ ಪತ್ರಗಳಲ್ಲಿ, ಆಟ ನಡುವೆ ನಿಂತುಹೋದರೆ ಪಣವನ್ನು ಹೇಗೆ ಪಾಲುಮಾಡಬೇಕೆಂಬ ಸಮಸ್ಯೆಯನ್ನು ಬಿಡಿಸಿದರು. ಇಬ್ಬರು ತಲಾ ೩೨ ನಾಣ್ಯಗಳನ್ನಿಟ್ಟು, ಮೂರು ಆಟ ಮೊದಲು ಗೆದ್ದವನಿಗೆ ಎಲ್ಲವೂ ಎಂದು ಒಪ್ಪಿರುವರು. ಒಬ್ಬನು ಎರಡನ್ನೂ ಇನ್ನೊಬ್ಬನು ಒಂದನ್ನೂ ಗೆದ್ದಿರುವಾಗ ಆಟ ನಿಂತಿತು. ಮುಂದಿನ ಆಟವನ್ನು ಗೆದ್ದರೆ ಮೊದಲನೆಯವನಿಗೆ ೬೪ ಬರುತ್ತಿತ್ತು. ಸೋತರೆ ಇಬ್ಬರೂ ಸಮನಾಗಿ, ಅವನ ೩೨ ಅವನಿಗೆ ಸಲ್ಲುತ್ತಿತ್ತು. ಆದಕಾರಣ ೩೨ ಅವನಿಗೆ ನಿಶ್ಚಯ. ಉಳಿದ ೩೨ರಲ್ಲಿ ಅರ್ಧ ಸಂಭವ. ಅವನ ಪಾಲು ೪೮, ಎದುರಾಳಿಯದು ೧೬. ಕೈಯಲ್ಲಿರುವುದಕ್ಕೆ ಮಾತ್ರವಲ್ಲದೆ, ಬರಬಹುದಾದದ್ದಕ್ಕೂ ಬೆಲೆಕಟ್ಟಬಹುದೆಂಬುದು ಇಲ್ಲಿ ಹೊಸದಾಗಿ ಕಂಡ ಸತ್ಯ.

ಈ ಸತ್ಯವು ಎಲೆಯಾಟದ ಮಂಚಕ್ಕೆ ಇಳಿಯುವುದಕ್ಕೆ ಬಹುಕಾಲ ಹಿಡಿಯಿತು. ಪೋಕರ್ ಎಂಬ ಆಟವು ೧೯ನೆಯ ಶತಮಾನದ ಆದಿಯಲ್ಲಿ ಅಮೆರಿಕದ ದಕ್ಷಿಣ ಭಾಗದಲ್ಲಿ, ನ್ಯೂ ಆರ್ಲಿಯನ್ಸ್ ಪಟ್ಟಣದ ಸುತ್ತಿನಲ್ಲಿ, ರೂಪುಗೊಂಡಿತು. ಇಂಗ್ಲೆಂಡಿನ ನಟ ಜೋಸೆಫ್ ಕೌಯೆಲ್ ಎಂಬವನು ೧೮೨೯ರಲ್ಲಿ ಉಗಿದೋಣಿಯೊಂದರಲ್ಲಿ ಈ ಆಟವನ್ನು ಕಂಡು ೧೮೪೪ರಲ್ಲಿ ಬರೆದಿಟ್ಟನು. ಆಗ ಅದಕ್ಕೆ ೨೦ ಎಲೆಗಳು ಮಾತ್ರ; ಮುಂದೆ ೫೨ ಎಲೆಗಳ ಪೂರ್ಣ ಕಟ್ಟು ಬಳಕೆಗೆ ಬಂದಿತು. ಪ್ರತಿಯೊಬ್ಬನ ಕೈಯ ಎಲೆಗಳಲ್ಲದೆ, ಎಲ್ಲರಿಗೂ ಸೇರಿದ ಐದು ಎಲೆಗಳನ್ನು ನಡುವೆ ಹಾಸುವ ಪ್ರಕಾರವು ಟೆಕ್ಸಸ್ ಪ್ರಾಂತದಲ್ಲಿ ಬೆಳೆದು, ೧೯೬೦ರ ದಶಕದಲ್ಲಿ ಲಾಸ್ ವೇಗಸ್ ನಗರವನ್ನು ಮುಟ್ಟಿತು. ಅಲ್ಲಿ ಕೈಗೆ ಎರಡೇ ಎಲೆಗಳು. ಕೈಗೆ ನಾಲ್ಕು ಎಲೆಗಳನ್ನು ಕೊಡುವ ಓಮಾಹಾ ಎಂಬ ಪ್ರಕಾರವನ್ನು ೧೯೮೦ರ ದಶಕದ ಆರಂಭದಲ್ಲಿ ಅದೇ ನಗರದ ಗೋಲ್ಡನ್ ನಗೆಟ್ ಎಂಬ ಜೂಜುಮನೆಯಲ್ಲಿ ಬಿಲ್ ಬಾಯ್ಡ್ ಎಂಬವನು ಆಡಿಸಿದನು. ಓಮಾಹಾದಲ್ಲಿ ಪಣವನ್ನು ಇಬ್ಭಾಗ ಮಾಡುವ ಬಗೆಯೇ ಈ ಲೇಖನದ ವಸ್ತು.

ಆಟದ ನಿಯಮಗಳು ಇಂತಿವೆ. ಪ್ರತಿಯೊಬ್ಬನಿಗೂ ಗುಟ್ಟಾಗಿ ನಾಲ್ಕು ಎಲೆಗಳು. ಹಾಸಿನ ಮೇಲೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು, ಹೀಗೆ ಐದು ಎಲೆಗಳು ಬಹಿರಂಗವಾಗಿ ಬೀಳುವುವು. ಕೈಯ ಎಲೆಗಳಲ್ಲಿ ಎರಡನ್ನು ಮಾತ್ರ, ಹಾಸಿನವುಗಳಲ್ಲಿ ಮೂರನ್ನು ಮಾತ್ರ ಕೂಡಿಸಿ ಐದೆಲೆಗಳ ಕೂಟವೊಂದನ್ನು ಕಟ್ಟಬೇಕು. ಎರಡಕ್ಕೆ ಹೆಚ್ಚೂ ಕೂಡದು, ಕಡಮೆಯೂ ಕೂಡದು. ರಾಶಿಯಲ್ಲಿ ಅರ್ಧವು ಎಲ್ಲರಿಗಿಂತ ದೊಡ್ಡ ಕೂಟಕ್ಕೆ ಸಲ್ಲುವುದು, ಇದು ಮೇಲುಕೈ. ಉಳಿದರ್ಧವು ಎಲ್ಲರಿಗಿಂತ ಚಿಕ್ಕ ಕೂಟಕ್ಕೆ ಸಲ್ಲುವುದು, ಇದು ಕೀಳುಕೈ. ಕೀಳುಕೈಗೆ ಐದೂ ಎಲೆಗಳು ಬೇರೆ ಬೇರೆಯಾಗಿದ್ದು, ಎಂಟನ್ನು ಮೀರಿರಬಾರದು. ಎಕ್ಕವು ಇಲ್ಲಿ ಒಂದೆಂದು ಗಣನೆಗೆ ಬರುವುದು. ಎರಡು ಕೀಳುಕೈಗಳನ್ನು ಹೋಲಿಸುವಾಗ ಅವುಗಳ ದೊಡ್ಡ ಎಲೆಯಿಂದ ಕೆಳಕ್ಕೆ ನೋಡುತ್ತ ಬರಬೇಕು. ಯೋಗ್ಯವಾದ ಕೀಳುಕೈ ಯಾರಿಗೂ ಇಲ್ಲದಿದ್ದರೆ ರಾಶಿಯೆಲ್ಲವೂ ಮೇಲುಕೈಯವನದೇ. ಪಣವೊಡ್ಡುವ ಸುತ್ತುಗಳು ನಾಲ್ಕು. ಮಿತಪಣದ ಆಟದಲ್ಲಿ ಒಡ್ಡುವ ಹಣ ಗೊತ್ತುಮಾಡಿದ್ದು: ಮೊದಲ ಎರಡು ಸುತ್ತುಗಳಲ್ಲಿ ಒಂದು ಪ್ರಮಾಣ, ಕೊನೆಯ ಎರಡರಲ್ಲಿ ಅದರ ಇಮ್ಮಡಿ. ಮನಬಂದಷ್ಟು ಹಣವನ್ನು ಮುಂದಕ್ಕೆ ತಳ್ಳಿ ಎದುರಾಳಿಯನ್ನು ಬೆದರಿಸುವುದು ಇಲ್ಲಿ ಸಾಧ್ಯವಿಲ್ಲ.

ಮಹಾವೀರಾಚಾರ್ಯರ ಆರೂ ಹತ್ತೂ ಇಲ್ಲಿ ಕೆಲಸಕ್ಕೆ ಬರುವುವು. ಕೈಯಲ್ಲಿರುವ ನಾಲ್ಕರಲ್ಲಿ ಎರಡನ್ನು ಆರು ಬಗೆಯಾಗಿಯೂ, ಹಾಸಿನ ಐದರಲ್ಲಿ ಮೂರನ್ನು ಹತ್ತು ಬಗೆಯಾಗಿಯೂ ಆರಿಸಬಹುದಾದ್ದರಿಂದ, ಒಬ್ಬನೇ ಆಟಗಾರನಿಗೆ ಕಟ್ಟಿಕೊಳ್ಳಬಹುದಾದ ಕೂಟಗಳು ಅರವತ್ತು. ಇದೇ ಸಮೃದ್ಧಿಯು ಆಟದ ಮೊದಲನೆಯ ಮೋಸ. ನಾಲ್ಕೆಲೆಗಳನ್ನು ಹಿಡಿದವನಿಗೆ ಏನೋ ಒಂದು ಒಳ್ಳೆಯದು ಯಾವಾಗಲೂ ಕಾಣುತ್ತಿರುವುದು. ತನ್ನಂತೆಯೇ ಪ್ರತಿಯೊಬ್ಬನಿಗೂ ಅರವತ್ತು ಕೂಟಗಳುಂಟೆಂಬುದನ್ನು ಅವನು ಮರೆಯುವನು. ಎರಡೆಲೆಗಳ ಆಟದಲ್ಲಿ ಗೆಲ್ಲುವಂಥ ಕೂಟವು ಇಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿ ಸೋಲುವುದು. ‘ಒಳ್ಳೆಯದು’ ಎಂಬುದು ಸಾಲದು, ‘ಇದಕ್ಕಿಂತ ಒಳ್ಳೆಯದಿಲ್ಲ’ ಎನ್ನುವಂತಿರಬೇಕೆಂಬುದು ಈ ಆಟದ ಮೊದಲನೆಯ ಸೂತ್ರವಾದುದು ಹೀಗೆ.

ಕೀಳುಕೈಗೆ ಎಡೆ ಸಿಗುವುದು ಎಷ್ಟು ಸಲ? ಹಾಸಿನಲ್ಲಿ ಎಂಟಕ್ಕೆ ಮೀರದ, ಬೇರೆ ಬೇರೆ ಬೆಲೆಯ ಮೂರು ಎಲೆಗಳಾದರೂ ಬಿದ್ದರೆ ಮಾತ್ರ ಕೀಳುಕೈ ಸಾಧ್ಯ. ೫೨ ಎಲೆಗಳಿಂದ ಐದನ್ನು ಹಾಸುವ ಬಗೆಗಳು ೨೫,೯೮,೯೬೦. ಅವುಗಳಲ್ಲಿ ಈ ಲಕ್ಷಣವುಳ್ಳವು ೧೫,೬೧,೭೨೮. ಎಂದರೆ ನೂರರಲ್ಲಿ ಅರವತ್ತು ಸಲ ರಾಶಿ ಇಬ್ಭಾಗವಾಗಬಹುದು. ನಲವತ್ತು ಸಲ ಕೀಳುಕೈಯನ್ನೇ ನೆಚ್ಚಿದವನಿಗೆ ಏನೂ ಇಲ್ಲ. ಕೇವಲ ಕೀಳುಕೈಯ ಆಸೆಯಿಂದ ಆಟಕ್ಕಿಳಿಯುವವನು ಐದರಲ್ಲಿ ಎರಡು ಸಲ ಬರಿಗೈಯಲ್ಲಿ ಏಳುವುದು ನಿಶ್ಚಯವೆಂದಾಯಿತು. ಉಳಿದ ಮೂರು ಸಲವೂ ಅವನಿಗೆ ಸಿಕ್ಕಬಹುದಾದದ್ದು ಹೆಚ್ಚೆಂದರೆ ಅರ್ಧ.

ಆದರೆ ಈ ಆಟದ ನಿಜವಾದ ವಿಚಿತ್ರವು ಅರ್ಧದಲ್ಲಿಲ್ಲ, ಕಾಲಿನಲ್ಲಿದೆ. ಎಕ್ಕವೂ ಎರಡೂ ಕೈಗೆ ಬಂದವನು, ಇದಕ್ಕಿಂತ ಉತ್ತಮವಾದ ಕೀಳುಕೈ ಇಲ್ಲವೆಂದು ಹಿಗ್ಗುವನು. ಅದು ಬಹುಮಟ್ಟಿಗೆ ನಿಜ. ಆದರೆ ಕಟ್ಟಿನಲ್ಲಿ ಎಕ್ಕಗಳು ನಾಲ್ಕು, ಎರಡುಗಳು ನಾಲ್ಕು. ಅದೇ ಜೊತೆ ಇನ್ನೊಬ್ಬನ ಕೈಯಲ್ಲಿಯೂ ಇರಬಹುದು. ಮೂವರು ತಲಾ ನೂರು ನಾಣ್ಯಗಳನ್ನಿಟ್ಟಿರುವರೆನ್ನೋಣ, ರಾಶಿ ೩೦೦. ಒಬ್ಬನಿಗೆ ಮೇಲುಕೈ, ಅವನು ೧೫೦ ಕೊಂಡೊಯ್ಯುವನು. ಉಳಿದ ಇಬ್ಬರಲ್ಲಿಯೂ ಸಮನಾದ ಶ್ರೇಷ್ಠ ಕೀಳುಕೈ. ಮಿಕ್ಕ ೧೫೦ನ್ನು ಹಂಚಿಕೊಂಡರೆ ಒಬ್ಬೊಬ್ಬನಿಗೆ ೭೫. ನೂರನ್ನಿಟ್ಟವನು ಎಪ್ಪತ್ತೈದನ್ನು ಪಡೆದನು. ಅವನನ್ನು ಯಾರೂ ಸೋಲಿಸಲಿಲ್ಲ. ಅವನ ಕೈಗಿಂತ ಒಳ್ಳೆಯ ಕೀಳುಕೈ ಆ ಮಂಚದಲ್ಲಿ ಇರಲಿಲ್ಲ. ಆದರೂ ಅವನು ಇಪ್ಪತ್ತೈದು ನಾಣ್ಯ ಬಡವನಾಗಿ ಎದ್ದನು. ಇನ್ನಾವ ಆಟದಲ್ಲಿಯೂ ಸುಲಭವಾಗಿ ಕಾಣಸಿಗದ ಸಂಗತಿಯಿದು.

ಪಣವನ್ನು ಏರಿಸಬೇಕೋ ಬಾರದೋ ಎಂಬ ನಿರ್ಣಯವೆಲ್ಲವೂ ಈ ಲೆಕ್ಕವನ್ನು ಅವಲಂಬಿಸಿದೆ. ಮೂವರಿರುವಾಗ ಒಬ್ಬೊಬ್ಬನೂ ಒಂದೊಂದು ನಾಣ್ಯವನ್ನು ಹೆಚ್ಚಿಸಿದರೆ, ಅರ್ಧದ ಒಡೆಯನಿಗೆ ಒಂದೂವರೆ ಬರುವುದು. ಕಾಲಿನ ಒಡೆಯನಿಗೆ ಮುಕ್ಕಾಲು ಬರುವುದು. ನಾಲ್ವರಿದ್ದರೆ ಕಾಲಿನವನಿಗೆ ಕೊಟ್ಟಷ್ಟೇ ಹಿಂದಕ್ಕೆ ಬರುವುದು. ಇಬ್ಬರೇ ಉಳಿದಿದ್ದರೆ ಅರ್ಧದವನಿಗೂ ಲಾಭವಿಲ್ಲ, ಕಾಲಿನವನಿಗೆ ಅರ್ಧ ನಷ್ಟ. ಆದಕಾರಣ ಎಕ್ಕ–ಎರಡನ್ನು ಮಾತ್ರ ನೆಚ್ಚಿ, ಮೇಲುಕೈಯ ಆಸೆಯಿಲ್ಲದೆ, ಮೂವರ ನಡುವೆ ಪಣವನ್ನು ಏರಿಸುವವನು ತನ್ನ ಗಂಟನ್ನು ತಾನೇ ಬಿಚ್ಚಿ ಹಂಚುತ್ತಿರಬಹುದು. ಅನನುಭವಿಯು ಶ್ರೇಷ್ಠವಾದ ಕೈ ಸಿಕ್ಕಿತೆಂದು ಏರಿಸುವನು. ಬಲ್ಲವನು ಅದೇ ಕೈಯನ್ನು ಹಿಡಿದು ಸುಮ್ಮನೆ ಹಿಂಬಾಲಿಸುವನು. ಮೇಲು ಕೀಳು ಎರಡಕ್ಕೂ ಅವಕಾಶವಿರುವಾಗ ಮಾತ್ರ ಏರಿಸಲು ಅವನು ಹಿಂಜರಿಯುವುದಿಲ್ಲ. ಎರಡು ಎಕ್ಕಗಳೂ ಎರಡೂ ಮೂರೂ ಸೇರಿ, ಎಕ್ಕಗಳೊಡನೆ ಒಂದೊಂದು ಎಲೆಯ ಗುರುತು ಕೂಡಿಬಂದಿರುವ ಕೈಯನ್ನು ಶ್ರೇಷ್ಠವೆನ್ನುವುದು ಈ ಕಾರಣದಿಂದಲೇ; ಅದು ಎರಡು ದಿಕ್ಕಿಗೂ ಮುಖಮಾಡಿರುವುದು.

ಶ್ರೇಷ್ಠತೆಯು ಸ್ಥಿರವೂ ಅಲ್ಲ. ಕೈಯಲ್ಲಿ ಎಕ್ಕ ಮತ್ತು ಎರಡು. ಹಾಸಿನಲ್ಲಿ ಮೂರು, ಆರು, ಏಳು. ಆ ಕ್ಷಣಕ್ಕೆ ಇದೇ ಉತ್ತಮ ಕೀಳುಕೈ. ನಾಲ್ಕನೆಯ ಎಲೆಯಾಗಿ ಎಕ್ಕವೇ ಬಿದ್ದರೆ? ಇವನ ಕೂಟವು ಮೊದಲಿದ್ದಂತೆ ಏಳರದಾಗಿಯೇ ಉಳಿಯುವುದು; ಆದರೆ ಎರಡು–ನಾಲ್ಕನ್ನು ಹಿಡಿದವನಿಗೆ ಈಗ ಎಕ್ಕ, ಎರಡು, ಮೂರು, ನಾಲ್ಕು, ಆರು ಎಂಬ ಆರರ ಕೂಟ ಸಿದ್ಧವಾಯಿತು. ಇವನ ಎಲೆಗಳೊಂದೂ ಬದಲಾಗಲಿಲ್ಲ. ಹಾಸಿಗೆ ಬಂದ ಒಂದೆಲೆಯು ಇವನ ಎಕ್ಕದ ಬೆಲೆಯನ್ನು ಎಲ್ಲರ ಸೊತ್ತನ್ನಾಗಿ ಮಾಡಿತು. ಕೈಯಲ್ಲಿ ಮೂರನೆಯದಾಗಿ ಒಂದು ನಾಲ್ಕಿದ್ದಿದ್ದರೆ ಇವನು ಎಕ್ಕವನ್ನು ಬಿಟ್ಟು ಎರಡು–ನಾಲ್ಕನ್ನು ಹಿಡಿಯಬಹುದಾಗಿತ್ತು. ಎಕ್ಕ–ಎರಡರ ಸಂಗಡ ಕಾವಲಿಗೆಂದು ಮತ್ತೊಂದು ಚಿಕ್ಕ ಎಲೆ ಇರಬೇಕೆಂಬ ವಿಧಿಯ ಮೂಲವಿದು.

ನಡುವಣ ಎಲೆಗಳ ಗತಿ ಇನ್ನೂ ಕಷ್ಟ. ಆರು, ಏಳು, ಎಂಟು, ಒಂಬತ್ತು ಕೈಗೆ ಬಂದರೆ ಅವು ಸಾಲಾಗಿ ಕಣ್ಣಿಗೆ ಅಂದವಾಗಿ ಕಾಣುವುವು. ಹಾಸಿನಲ್ಲಿ ಮೂರು, ನಾಲ್ಕು, ಐದು ಬಿದ್ದರೆ ಏಳರವರೆಗಿನ ಸಾಲು ಸಿದ್ಧವೇ ಸರಿ. ಆದರೆ ಎಕ್ಕ–ಎರಡುಳ್ಳವನು ಕೀಳರ್ಧವನ್ನು ಒಯ್ಯುವುದರಿಂದ ಉಳಿಯುವುದು ಅರ್ಧ. ಹತ್ತು, ಗುಲಾಮ, ರಾಣಿ ಬಿದ್ದರೆ ಕೀಳುಕೈಯ ಕಾಟವಿಲ್ಲ. ಆದರೆ ರಾಜನನ್ನೂ ಎಕ್ಕವನ್ನೂ ಹಿಡಿದವನ ಸಾಲು ಇವನದಕ್ಕಿಂತ ಎತ್ತರ. ಗೆದ್ದಾಗ ಅರ್ಧ, ಸೋತಾಗ ಪೂರ್ಣ. ಇಂಥ ವ್ಯಾಪಾರ ಯಾವ ಅಂಗಡಿಯವನಿಗೂ ಕಟ್ಟದು.

ಮಿತಪಣದಲ್ಲಿ ಎಲೆಯನ್ನು ಕೆಳಗಿಡಬೇಕಾದ ಹೊತ್ತು ಯಾವುದೆಂಬುದೂ ಲೆಕ್ಕದಿಂದಲೇ ತಿಳಿಯುವುದು. ಕೊನೆಯ ಸುತ್ತಿನಲ್ಲಿ ಎದುರಾಳಿಯ ಒಡ್ಡೂ ಸೇರಿ ರಾಶಿಯಲ್ಲಿ ಒಂಬತ್ತು ನಾಣ್ಯಗಳಿದ್ದು, ನಿಲ್ಲಲು ಒಂದು ನಾಣ್ಯ ಕೊಡಬೇಕಾಗಿದೆಯೆನ್ನೋಣ. ರಾಶಿಯೆಲ್ಲ ಬರುವಂತಿದ್ದರೆ ಹತ್ತರಲ್ಲಿ ಒಂದು ಸಲ ಗೆದ್ದರೂ ನಷ್ಟವಿಲ್ಲ. ಅರ್ಧವೇ ಬರುವಂತಿದ್ದರೆ ಐದರಲ್ಲಿ ಒಂದು ಸಲ ಗೆಲ್ಲಬೇಕು; ಕಾಲೇ ಬರುವಂತಿದ್ದರೆ ಐದರಲ್ಲಿ ಎರಡು ಸಲ. ಕಣ್ಣಿಗೆ ಕಾಣುವ ರಾಶಿ ಒಂದು, ಕೈಗೆ ಬರುವ ರಾಶಿ ಮತ್ತೊಂದು. ಆದರೂ ಕೊನೆಯಲ್ಲಿ ರಾಶಿ ದೊಡ್ಡದು, ಕೊಡಬೇಕಾದದ್ದು ಚಿಕ್ಕದು. ಆಗ ಬಿಡುವುದು ಹಲವು ವೇಳೆ ತಪ್ಪಾಗುವುದು. ಮೊದಲ ಸುತ್ತಿನಲ್ಲಾದರೋ ರಾಶಿ ಚಿಕ್ಕದು, ಮುಂದೆ ತೆರಬೇಕಾದದ್ದು ಬಹಳ. ಆದ್ದರಿಂದ ತ್ಯಾಗಕ್ಕೆ ತಕ್ಕ ಮುಹೂರ್ತವು ನಾಲ್ಕೆಲೆಗಳನ್ನು ಎತ್ತಿ ನೋಡಿದ ಆ ಮೊದಲ ಗಳಿಗೆಯೇ. ಅಲ್ಲಿ ಬಿಡಲಾರದವನು ಆಮೇಲೆ ನ್ಯಾಯವಾಗಿಯೇ ಬಿಡಲಾರದ ಸ್ಥಿತಿಗೆ ಬಂದು ನಿಲ್ಲುವನು. ಮಿತಪಣದಲ್ಲಿ ಯಾರೂ ಒಂದೇ ಏಟಿಗೆ ಮನೆಮಠ ಕಳೆದುಕೊಳ್ಳುವುದಿಲ್ಲ. ಬಿರುಕುಬಿಟ್ಟ ಕೊಡದಂತೆ ತೊಟ್ಟುತೊಟ್ಟಾಗಿ ಸೋರಿಹೋಗುವರು.

ಈ ವಿವೇಕವು ಗ್ರಂಥರೂಪಕ್ಕೆ ಬಂದುದು ಇತ್ತೀಚೆಗೆ. ೧೯೭೦ರ ದಶಕದ ಕೊನೆಯಲ್ಲಿ ಡಾಯ್ಲ್ ಬ್ರನ್ಸನ್ ಎಂಬ ಹೆಸರಾಂತ ಆಟಗಾರನು ಹೊರತಂದ ದೊಡ್ಡ ಗ್ರಂಥದಲ್ಲಿ, ಏಳೆಲೆಗಳ ಆಟದಲ್ಲಿ ಪಣವನ್ನು ಇಬ್ಭಾಗ ಮಾಡುವ ಪ್ರಕಾರವನ್ನು ಕುರಿತ ಅಧ್ಯಾಯವನ್ನು ಡೇವಿಡ್ ಸ್ಕ್ಲಾನ್ಸ್ಕಿ ಬರೆದನು. ಓಮಾಹಾದ ಇಬ್ಭಾಗವನ್ನೂ ಒಳಗೊಂಡ ರೇ ಝೀ ಎಂಬವನ ಪುಸ್ತಕವು ೧೯೯೨ರಲ್ಲಿ ಹೊರಬಂದಿತು. ಅತ್ತ ವಿದ್ವತ್‌ಪ್ರಪಂಚದಲ್ಲಿ ಹಂಗೆರಿಯ ಜಾನ್ ಫಾನ್ ನಾಯ್ಮನ್ ೧೯೨೮ರಲ್ಲಿ ಆಟಗಳ ಗಣಿತಕ್ಕೆ ಅಡಿಗಲ್ಲಿಟ್ಟು, ೧೯೪೪ರಲ್ಲಿ ಮಾರ್ಗೆನ್‌ಸ್ಟರ್ನ್ ಎಂಬ ಅರ್ಥಶಾಸ್ತ್ರಜ್ಞನೊಡಗೂಡಿ ಬರೆದ ಗ್ರಂಥದಲ್ಲಿ ಪೋಕರಿಗೆ ಒಂದು ಭಾಗವನ್ನೇ ಮೀಸಲಿಟ್ಟನು. ೨೦೧೫ರಲ್ಲಿ ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಗಣಕಯಂತ್ರದ ಸಹಾಯದಿಂದ, ಎರಡೆಲೆಗಳ ಮಿತಪಣದ ಆಟವನ್ನು ಬಹುಮಟ್ಟಿಗೆ ಪೂರ್ಣವಾಗಿ ಬಿಡಿಸಿದರು. ಆದರೆ ಆ ಸಿದ್ಧಿಯು ಇಬ್ಬರೇ ಎದುರುಬದುರಾಗಿ ಕುಳಿತ ಆಟಕ್ಕೆ ಸಂಬಂಧಪಟ್ಟದ್ದು. ಒಂದು ಮಂಚಕ್ಕೆ ಎಂಟೊಂಬತ್ತು ಮಂದಿ ಕುಳಿತು, ರಾಶಿ ಎರಡಾಗಿ, ಎರಡು ನಾಲ್ಕಾಗಿ ಒಡೆಯುವಲ್ಲಿ, ಮನುಷ್ಯನ ವಿವೇಚನೆಗೆ ಇನ್ನೂ ಎಡೆಯುಂಟು.

ಎಣಿಕೆಯಿಂದ ಗೆಲುವು ನಿಶ್ಚಯವೇ ಎಂದು ಕೇಳುವವರಿಗೆ ನಳನ ಕಥೆಯು ಒಂದು ಸೂಚನೆಯನ್ನು ಕೊಡುವುದು. ರಥದಲ್ಲಿ ಹೋಗುತ್ತಿರುವಾಗ ಋತುಪರ್ಣನು ತಾರೆಮರವೊಂದರ ಎಲೆಗಳನ್ನೂ ಹಣ್ಣುಗಳನ್ನೂ ನೋಡಿದ ಮಾತ್ರಕ್ಕೆ ಎಣಿಸಿ ಹೇಳಿದನು. ನಳನು ಇಳಿದು ಎಣಿಸಿ ನೋಡಲಾಗಿ ಲೆಕ್ಕ ಸರಿಯಾಗಿತ್ತು. ಅಶ್ವಹೃದಯವನ್ನು ಕೊಡುವುದಾಗಿ ಒಪ್ಪಿ ಅವನಿಂದ ಅಕ್ಷಹೃದಯವನ್ನು ಪಡೆದ ಕೂಡಲೆ ನಡೆದದ್ದೇನು? ನಳನು ಆಗಲೇ ರಾಜ್ಯವನ್ನು ಗೆಲ್ಲಲಿಲ್ಲ. ಅವನ ಮೈಯಿಂದ ಕಲಿಯು ಹೊರಟುಹೋದನು. ರಾಜ್ಯಲಾಭವು ತರುವಾಯದ ಮಾತು. ಜೂಜಿನ ಒಳಗನ್ನು ಅರಿತುದರ ಮೊದಲ ಫಲವು ಭ್ರಮೆಯ ನಾಶವೆಂದು ವ್ಯಾಸರು ಕಥೆಯ ಮೂಲಕ ತೋರಿಸಿದಂತಿದೆ.

ಇಬ್ಭಾಗದ ಆಟದಲ್ಲಿ ನಾಶವಾಗಬೇಕಾದ ಭ್ರಮೆಗಳಲ್ಲಿ ಕೊನೆಯದೊಂದುಂಟು. ಆಟ ನಡೆಯುವ ಮನೆಯವರು ಸ್ಥಳಕ್ಕಾಗಿ, ಕೆಲವೆಡೆ ಕುಳಿತ ಕಾಲಕ್ಕೆ ಬಾಡಿಗೆಯಾಗಿಯೂ, ಕೆಲವೆಡೆ ಪ್ರತಿಯೊಂದು ರಾಶಿಯಿಂದ ಪಾಲಾಗಿಯೂ ಹಣ ತೆಗೆದುಕೊಳ್ಳುವರು. ಕೌಟಿಲ್ಯನ ಪ್ರಮಾಣವನ್ನೇ ಹಿಡಿದು ರಾಶಿಗೆ ನೂರಕ್ಕೆ ಐದು ಎಂದಿಟ್ಟುಕೊಳ್ಳೋಣ. ಇಬ್ಬರು ತಲಾ ನೂರನ್ನಿಟ್ಟು, ಒಬ್ಬನು ಮೇಲನ್ನೂ ಇನ್ನೊಬ್ಬನು ಕೀಳನ್ನೂ ಗೆದ್ದರು. ರಾಶಿ ೨೦೦; ಮನೆಯ ಪಾಲು ೧೦; ಉಳಿದ ೧೯೦ರಲ್ಲಿ ತಲಾ ೯೫. ಇಬ್ಬರೂ ಗೆದ್ದರೆಂದು ಸುತ್ತಲಿನವರು ಹೇಳುವರು. ಇಬ್ಬರೂ ಐದೈದು ನಾಣ್ಯ ಕಳೆದುಕೊಂಡಿರುವರು. ಮಹಾವೀರಾಚಾರ್ಯರ ಲೆಕ್ಕದಲ್ಲಿ ಯಾವ ಹುಂಜ ಗೆದ್ದರೂ ಹನ್ನೆರಡು ಹೊನ್ನನ್ನು ಎಣಿಸಿಕೊಂಡವನು ಕಾಳಗದ ಅಂಗಳದಲ್ಲಿ ಯಾವ ಹುಂಜವನ್ನೂ ತಂದಿರಲಿಲ್ಲ. ಇಲ್ಲಿಯೂ ಹತ್ತು ನಾಣ್ಯ ಪಡೆದವನು ಎಲೆಯನ್ನು ಮುಟ್ಟಿಯೇ ಇಲ್ಲ. ಎರಡು ಅರ್ಧಗಳನ್ನೂ ಒಟ್ಟಿಗೆ ಒಯ್ಯುವ ಸಂಭವವಿಲ್ಲದ ಕೈಯನ್ನು ಮೊದಲ ಗಳಿಗೆಯಲ್ಲಿಯೇ ಕೆಳಗಿಡಬೇಕೆಂದು ಬಲ್ಲವರು ಹೇಳುತ್ತ ಬಂದಿರುವುದು ಈ ಹತ್ತು ನಾಣ್ಯಗಳನ್ನೂ ಲೆಕ್ಕಕ್ಕೆ ಹಿಡಿದೇ. ಆಟಕ್ಕೆ ಕುಳಿತವರಲ್ಲಿ ಇದನ್ನು ಮೊದಲ ದಿನವೇ ಎಣಿಸಿ ನೋಡುವವರು ವಿರಳ.